ಅವ್ವನ ಬಗ್ಗೆ ನಾನು ಬರೆದ ಸುಳ್ಳು

ನಾನು ಆಗ ಹೊಸದುರ್ಗದ ಕಾಲೇಜಿನಲ್ಲಿ ಬಿ.ಎ. ಎರಡನೇ ವರ್ಷದಲ್ಲಿದ್ದೆ. ಮತ್ತೋಡಿನ ಹತ್ತಿರದ ನಮ್ಮ ಊರಿನಿಂದ ದಿನಾ ಬೆಳಿಗ್ಗೆ ಬಸ್ಸು ಹಿಡಿದು ಹೋಗಿಬರುತ್ತಿದ್ದೆ. ಬರೆಯುವ ಹುಚ್ಚು ಪಿಯುಸಿಯಲ್ಲೇ ಹತ್ತಿತ್ತು. ಬಸ್ಸಿನಲ್ಲಿ ಸೀಟು ಸಿಕ್ಕಿದರೆ ಮೊಬೈಲಿನಲ್ಲಿ ನಾಲ್ಕು ಸಾಲು ಬರೆದು ಸ್ಟೇಟಸ್ಸಿಗೆ ಹಾಕುತ್ತಿದ್ದೆ. ಹೊಸದುರ್ಗ ಬರುವಷ್ಟರಲ್ಲಿ ಎಂಟು ಹತ್ತು ಗೆಳತಿಯರು ನೋಡಿ ಮೆಚ್ಚಿರುತ್ತಿದ್ದರು. ಅಷ್ಟಕ್ಕೇ ನನಗೆ ದೊಡ್ಡ ಲೇಖಕಿಯಾದಂತೆ ಅನ್ನಿಸುತ್ತಿತ್ತು. ಆ ವರ್ಷ ಚಿತ್ರದುರ್ಗದ ಒಂದು ಸಂಘದವರು ಜಿಲ್ಲೆಯ ಕಾಲೇಜು ವಿದ್ಯಾರ್ಥಿಗಳಿಗೆ ಪ್ರಬಂಧ ಸ್ಪರ್ಧೆ ಇಟ್ಟರು. ವಿಷಯ ‘ನನ್ನ ತಾಯಿ’. ಗೆಲ್ಲಲೇಬೇಕು ಅಂತ ಅಂದೇ ತೀರ್ಮಾನ ಮಾಡಿಬಿಟ್ಟೆ.

ಅವ್ವ ನಮ್ಮೂರ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಏಳನೇ ಕ್ಲಾಸಿನವರೆಗೆ ಓದಿದ್ದಾಳೆ. ಅಡುಗೆಮನೆಯ ಹೊರಗೋಡೆಗೆ ಒಂದು ಕಪ್ಪು ಹಲಗೆ ತೂಗುಹಾಕಿದ್ದಾರೆ. ಅವತ್ತು ಎಷ್ಟು ಮಕ್ಕಳು ಬಂದಿದ್ದಾರೆ, ಊಟಕ್ಕೆ ಏನಿದೆ ಅಂತ ದಿನಾ ಅದರ ಮೇಲೆ ಬರೆಯುವವಳು ಅವಳೇ. ಅವಳ ಅಕ್ಷರಗಳು ದುಂಡಗೆ, ಸ್ವಲ್ಪ ಎಡಕ್ಕೆ ವಾಲಿಕೊಂಡು ಇರುತ್ತವೆ. ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಬಹುಮಾನ ಬಂದ ಬೇರೆಯವರ ಪ್ರಬಂಧಗಳನ್ನು ಹುಡುಕಿ ಓದಿದಾಗ ಎಲ್ಲದರಲ್ಲೂ ಒಬ್ಬಳೇ ತಾಯಿ ಇದ್ದಂತೆ ಕಂಡಿತು. ಅವಳಿಗೆ ಓದು ಬರಹ ಬರುತ್ತಿರಲಿಲ್ಲ. ಹರಿದ ಸೀರೆ ಉಡುತ್ತಿದ್ದಳು. ಮಕ್ಕಳಿಗೆ ಬಡಿಸಿ ತಾನು ಉಪವಾಸ ಮಲಗುತ್ತಿದ್ದಳು. ನಮ್ಮವ್ವ ಹಾಗಿರಲಿಲ್ಲ. ಹೊಟ್ಟೆ ತುಂಬ ಉಣ್ಣುತ್ತಿದ್ದಳು, ಸೀರೆಗೆ ಹೊಂದುವ ಬಳೆ ಸಿಗುವವರೆಗೆ ಅಂಗಡಿಯವನನ್ನು ಬಿಡುತ್ತಿರಲಿಲ್ಲ. ಇಂಥವಳ ಬಗ್ಗೆ ಬರೆದರೆ ಯಾರ ಕಣ್ಣು ಒದ್ದೆಯಾಗುತ್ತದೆ ಅಂದುಕೊಂಡು, ನಾನು ಮೂರು ಸಂಜೆ ಕೂತು ಇನ್ನೊಬ್ಬಳನ್ನು ಬರೆದೆ. ಅಕ್ಷರ ಗೊತ್ತಿಲ್ಲದ, ಹರಿದ ಸೀರೆಯ, ಸದಾ ಕಣ್ಣೀರು ಒರೆಸಿಕೊಳ್ಳುವ ತಾಯಿ. ಹೆಸರು ಮಾತ್ರ ನಮ್ಮವ್ವನದು.

ಮೊದಲ ಬಹುಮಾನ ಬಂತು.

ಪ್ರಬಂಧವನ್ನು ವೇದಿಕೆಯ ಮೇಲೆ ಓದಬೇಕು, ತಂದೆಯೋ ತಾಯಿಯೋ ಜೊತೆಗೆ ಬರಬೇಕು ಅಂತ ಸಂಘದವರು ಫೋನ್ ಮಾಡಿ ಹೇಳಿದಾಗ, ಅಪ್ಪ ಬರಲಿ ಅಂತ ಮನಸ್ಸಿನಲ್ಲೇ ಬೇಡಿಕೊಂಡೆ. ಅಪ್ಪನಿಗೆ ಒಂದು ಲಗೇಜ್ ಆಟೋ ಇದೆ. ಅವತ್ತು ಅರಸೀಕೆರೆಗೆ ತೆಂಗಿನಕಾಯಿ ಸಾಗಿಸುವ ಬಾಡಿಗೆ ಒಪ್ಪಿಕೊಂಡಿದ್ದ. ಅವ್ವನೇ ಹೊರಟಳು. ಜೊತೆಯ ಅಡುಗೆಯವಳಿಗೆ ಸಾಂಬಾರಿನ ಹದವನ್ನು ಎರಡು ಸಲ ಹೇಳಿ, ಮಾವನ ಮದುವೆಯಲ್ಲಿ ತೆಗೆದ ನೀಲಿ ರೇಷ್ಮೆ ಸೀರೆ ಉಟ್ಟು, ತಲೆಗೆ ಕನಕಾಂಬರ ಮುಡಿದು ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಪಕ್ಕದ ಸೀಟಿನವರಿಗೆಲ್ಲ, “ನಮ್ಮ ಹುಡುಗಿಗೆ ಪ್ರೈಜ್ ಬಂದೈತೆ. ನನ್ನ ಮೇಲೇ ಬರ್ದವ್ಳೆ,” ಅನ್ನುತ್ತಿದ್ದಳು. ನಾನು ಕಿಟಕಿಯ ಆಚೆ ನೋಡುತ್ತಾ ಕೂತಿದ್ದೆ. ಬಸ್ಸಿನಲ್ಲಿಯೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ.

ಸಭಾಂಗಣ ತುಂಬಿತ್ತು. ಅವ್ವ ಮೂರನೇ ಸಾಲಿನಲ್ಲಿ, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮುಂದಕ್ಕೆ ಬಾಗಿ ಕೂತಿದ್ದಳು. ನಾನು ಓದತೊಡಗಿದೆ. ಹರಿದ ಸೀರೆಯ ಸಾಲು ಬಂದಾಗ ಅವಳು ಸೆರಗನ್ನು ಒಮ್ಮೆ ನೋಡಿಕೊಂಡಳು. ಅಕ್ಷರ ಬರದ ಸಾಲು ಬಂದಾಗ ನನ್ನನ್ನೇ ನೋಡಿದಳು. ಆಮೇಲೆ ನಾನು ಹಾಳೆಯಿಂದ ತಲೆ ಎತ್ತಲಿಲ್ಲ. ಮುಗಿಸಿದಾಗ ಜೋರಾಗಿ ಚಪ್ಪಾಳೆ ಬಿತ್ತು. ಮುಂದಿನ ಸಾಲಿನ ಹೆಂಗಸೊಬ್ಬರು ಕರವಸ್ತ್ರದಿಂದ ಕಣ್ಣು ಒತ್ತಿಕೊಳ್ಳುತ್ತಿದ್ದರು. ಅತಿಥಿಯಾಗಿ ಬಂದಿದ್ದ ಹಿರಿಯರು ಮೈಕು ಹಿಡಿದು, “ಆ ತಾಯಿ ಇಲ್ಲಿದ್ದಾರಾ? ಎದ್ದು ನಿಲ್ಲಬೇಕಮ್ಮಾ,” ಅಂದರು. ನೀಲಿ ರೇಷ್ಮೆ ಸೀರೆಯಲ್ಲಿ ಅವ್ವ ಎದ್ದು ನಿಂತು ಕೈ ಮುಗಿದಳು. ಅವಳನ್ನೂ ವೇದಿಕೆಗೆ ಕರೆದು ಶಾಲು ಹೊದಿಸಿದರು.

ಬಹುಮಾನ ಪಡೆದವರ ಮನೆಯವರು ಒಂದು ಪುಸ್ತಕದಲ್ಲಿ ಸಹಿ ಮಾಡಬೇಕಿತ್ತು. ವೇದಿಕೆಯ ಕೆಳಗೆ ಮೇಜು ಹಾಕಿಕೊಂಡು ಕೂತಿದ್ದವರು ಉಳಿದವರಿಗೆಲ್ಲ ಪೆನ್ನು ಕೊಟ್ಟರು. ಅವ್ವ ಹೋದಾಗ ಪೆನ್ನು ಪಕ್ಕಕ್ಕಿಟ್ಟು, ಬಹಳ ಮರ್ಯಾದೆಯಿಂದ ಇಂಕಿನ ಪ್ಯಾಡನ್ನು ಅವಳ ಮುಂದೆ ಸರಿಸಿದರು. “ಇಲ್ಲಿ ಒತ್ತಿಬಿಡ್ರಮ್ಮ. ಏನೂ ಸಂಕೋಚ ಬ್ಯಾಡ.”

ನಾನು ಪಕ್ಕದಲ್ಲೇ ನಿಂತಿದ್ದೆ. ಅವ್ವ ಪ್ಯಾಡು ನೋಡಿದಳು, ಪೆನ್ನು ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಎಡಗೈ ಹೆಬ್ಬೆರಳನ್ನು ಇಂಕಿಗೆ ಒತ್ತಿ, ನನ್ನ ಹೆಸರಿನ ಮುಂದೆ ಗುರುತು ಹಾಕಿದಳು.

ವಾಪಸ್ಸು ಬರುವ ಬಸ್ಸಿನಲ್ಲಿ ಅವಳು ಶಾಲನ್ನು ಮಡಚಿ ಚೀಲದಲ್ಲಿಟ್ಟುಕೊಂಡು, ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು ಕೂತಿದ್ದಳು. ಬಸ್ಸು ಹೊಳಲ್ಕೆರೆಯಲ್ಲಿ ಹತ್ತು ನಿಮಿಷ ನಿಂತಿತು.

“ಇಳಿ. ಕೈ ತೊಳ್ಕಬೇಕು,” ಅಂದಳು.

ಬಸ್‌ಸ್ಟ್ಯಾಂಡಿನ ನಲ್ಲಿಯ ಹತ್ತಿರ ಬಗ್ಗಿ ಬೆರಳನ್ನು ಕಲ್ಲಿಗೆ ತಿಕ್ಕಿದಳು. ಇಂಕು ಪೂರ್ತಿ ಹೋಗಲಿಲ್ಲ. ತಿಕ್ಕುತ್ತಲೇ ಕೇಳಿದಳು:

“ಹರ್ದಿರೋ ಸೀರೆ ನಾನು ಯಾವಾಗ ಉಟ್ಟಿದ್ನೇ?”

“ಉಟ್ಟಿಲ್ಲ.”

“ಓದಾಕೆ ಬರಿಯಾಕೆ ಬರಲ್ಲ ಅಂತ ಬರ್ದಿದೀಯ. ಸ್ಕೂಲಿನ ಬೋರ್ಡ್ ಮೇಲೆ ದಿನಾ ಬರಿಯೋಳು ಯಾರು?”

“ನೀನೇ.”

“ಮತ್ತೆ?”

“ಹಂಗೆ ಬರೆದ್ರೆ ಚೆನ್ನಾಗಿರುತ್ತೆ ಅಂತ...”

“ಯಾರಿಗೆ ಚೆನ್ನಾಗಿರುತ್ತೆ?”

ನನಗೆ ಅಳು ಬಂತು. ಸುತ್ತ ಜನ ಇದ್ದರೂ ತಡೆಯಲಾಗಲಿಲ್ಲ. ಬಿಕ್ಕುತ್ತಲೇ ಕೇಳಿದೆ: “ಮತ್ತೆ ನೀನ್ಯಾಕವ್ವ ಹೆಬ್ಬೆಟ್ಟು ಒತ್ತಿದೆ? ಸೈನ್ ಮಾಡ್ಬೋದಿತ್ತಲ್ಲ.”

ಅವ್ವ ನಲ್ಲಿ ನಿಲ್ಲಿಸಿ ಸೆಟೆದು ನಿಂತಳು. “ಸೈನ್ ಮಾಡಿದ್ರೆ ಅಷ್ಟು ಜನದ ಮುಂದೆ ನೀನು ಸುಳ್ಳಿ ಆಗ್ತಿದ್ದೆ. ಆಗಲೇ ನಿನ್ನ ಮುಖ ಬೆಳ್ಳಗಾಗಿತ್ತು. ಇರ್ಲಿ ಅಂತ ಒತ್ತಿದೆ.” ಆಮೇಲೆ ಚೀಲದಿಂದ ಸಣ್ಣ ಟವೆಲ್ಲು ತೆಗೆದು ನನ್ನ ಕೈಗೆ ಕೊಟ್ಟು, “ಮುಖ ಒರೆಸ್ಕ. ಬಸ್ ಹೊರಡುತ್ತೆ,” ಅಂದಳು.

ಮನೆಯಲ್ಲಿ ಅಪ್ಪ ಕಾಯುತ್ತಿದ್ದ. “ಹೆಂಗ್ ಓದಿದ್ಲು?” ಅಂದ.

“ಸ್ಪಷ್ಟವಾಗಿ ಓದಿದ್ಲು. ಹಿಂದಿನ ಸಾಲಿನವರಿಗೂ ಕೇಳ್ತು,” ಅಂದಳು ಅವ್ವ. ಅದು ನಿಜವೇ ಆಗಿತ್ತು.

“ನನ್ನ ಬಗ್ಗೆ ಏನಾದ್ರೂ ಬರ್ದಿದೀಯೇನವ್ವ?” ಅಂತ ಅಪ್ಪ ನನ್ನ ಕಡೆ ತಿರುಗಿದ.

“ಇಲ್ಲಪ್ಪ.”

“ನೀವು ಬಚಾವಾದ್ರಿ ಬಿಡ್ರಿ,” ಅಂದಳು ಅವ್ವ ಒಲೆಯ ಕಡೆಯಿಂದ. ಏನೂ ಗೊತ್ತಿಲ್ಲದ ಅಪ್ಪ ನಕ್ಕ. ಅವ್ವನೂ ಸ್ವಲ್ಪ ನಕ್ಕಳು. ನನಗೆ ಅದರಿಂದ ಇನ್ನಷ್ಟು ನಾಚಿಕೆಯಾಯಿತು.

ಕಾಲೇಜಿನಲ್ಲಿ ಎಲ್ಲರೂ ಅಭಿನಂದಿಸಿದರು. ವಾರ್ಷಿಕ ಸಂಚಿಕೆಯಲ್ಲಿ ಆ ಪ್ರಬಂಧವನ್ನು ಮೊದಲ ಪುಟದಲ್ಲೇ ಹಾಕುತ್ತೇವೆ ಅಂದರು. ಎರಡು ದಿನ ಒದ್ದಾಡಿ, ಮೂರನೇ ದಿನ ಕನ್ನಡ ಮೇಡಮ್ ಹತ್ತಿರ ಹೋಗಿ, ಅದರಲ್ಲಿರುವುದು ನಮ್ಮವ್ವ ಅಲ್ಲ ಅಂತ ಎಲ್ಲವನ್ನೂ ಹೇಳಿದೆ. ಹೆಬ್ಬೆಟ್ಟಿನ ಮಾತು ಬಂದಾಗ ಮೇಡಮ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಯುತ್ತಾರೆ ಅಂದುಕೊಂಡಿದ್ದೆ.

“ಸಂಘದವರಿಗೆ ಒಂದು ಪತ್ರ ಬರಿ. ಸಂಚಿಕೆಗೆ ಬೇರೆ ಬರ್ಕೊಂಡು ಬಾ, ಇನ್ನೂ ಹದಿನೈದು ದಿನ ಟೈಮಿದೆ,” ಅಂದರು. ಕನ್ನಡಕ ಮತ್ತೆ ಹಾಕಿಕೊಳ್ಳುತ್ತಾ, “ಈ ಸಲ ಬರೆಯೋಕೆ ಮುಂಚೆ ಅವರನ್ನ ಒಂದು ಮಾತು ಕೇಳು,” ಅಂದರು.

ಪತ್ರ ಬರೆದೆ. ಸಂಘದಿಂದ ಯಾರೋ ಫೋನ್ ಮಾಡಿ, “ಇರ್ಲಿ ಬಿಡಮ್ಮ, ಪ್ರಬಂಧ ಅಂದ್ರೆ ಸ್ವಲ್ಪ ಕಲ್ಪನೆ ಇರುತ್ತೆ,” ಅಂತ ಸಮಾಧಾನ ಹೇಳಿದರು. ಅವರು ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತೇನೋ.

ಅವ್ವನನ್ನು ಕೇಳಿದೆ. “ನಿನ್ನ ಮೇಲೆ ಇನ್ನೊಂದ್ಸಲ ಬರೀಲಾ?”

ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಲಿಲ್ಲ. “ಬಂದು ನೋಡಿ ಬರಿ. ಮನೇಲಿ ಕುಂತು ಬರೀಬ್ಯಾಡ.”

ಪರೀಕ್ಷೆಗೆ ಮುಂಚಿನ ರಜೆಯಲ್ಲಿ ಒಂದು ದಿನ ಅವಳ ಜೊತೆ ಶಾಲೆಗೆ ಹೋದೆ. ನೋಟ್‌ಬುಕ್ ಹಿಡಿದು ಮೂಲೆಯಲ್ಲಿ ಕೂತಿದ್ದ ನನ್ನ ಕಡೆ, “ಬರೇ ನೋಡ್ಕಂಡು ಕುಂತ್ಕಬ್ಯಾಡ, ಬೀನ್ಸ್ ನಾರು ತೆಗಿ,” ಅಂತ ಒಂದು ಬುಟ್ಟಿ ತಳ್ಳಿದಳು. ಅದೇ ಶಾಲೆಯಲ್ಲಿ ಏಳು ವರ್ಷ ಅವಳ ಕೈಯ ಊಟ ಉಂಡಿದ್ದೆ, ಆದರೂ ಅವಳು ಕೆಲಸ ಮಾಡುವುದನ್ನು ನೋಡಿದ್ದು ಅವತ್ತೇ. ಬೆಳಿಗ್ಗೆ ಹಾಲಿನ ಪುಡಿ ಗಂಟಾಗದಂತೆ ಕಲಸುವಾಗ ಅವಳ ತೋಳು ನಿಲ್ಲದೆ ತಿರುಗುತ್ತಿತ್ತು. ಸಾಂಬಾರನ್ನು ಎಡ ಅಂಗೈಗೆ ಒಂದು ಹನಿ ಬಿಟ್ಟುಕೊಂಡು ನೆಕ್ಕಿ, ಕಣ್ಣು ಮುಚ್ಚಿ, “ಹುಳಿ ಹಿಡೀಲಿ,” ಅನ್ನುತ್ತಿದ್ದಳು. ಯಾವ ಮಗು ಮೊಟ್ಟೆಯ ಹಳದಿ ಬಿಡುತ್ತದೆ, ಯಾವುದು ಮನೆಯಲ್ಲಿ ಏನೂ ತಿನ್ನದೆ ಬಂದಿದೆ, ಎಲ್ಲ ಅವಳಿಗೆ ಮುಖ ನೋಡಿದರೆ ಗೊತ್ತಾಗುತ್ತಿತ್ತು. ತಿನ್ನದೆ ಬಂದವರಿಗೆ ಕೇಳದೆಯೇ ಇನ್ನೊಂದು ಸೌಟು ಬೀಳುತ್ತಿತ್ತು. ಸಾಲು ಮುರಿದು ನುಗ್ಗಿದ ದೊಡ್ಡ ಹುಡುಗರಿಗೆ ಅವಳು ಹಾಕಿದ ಗದರಿಕೆಗೆ ಹೆಡ್ಮಾಸ್ತರರೇ ಆಫೀಸಿನಿಂದ ಹೊರಗೆ ಬಂದು ಇಣುಕಿ, ಓ ಇವರಾ ಅಂತ ಒಳಗೆ ಹೋದರು. ನನ್ನ ಪ್ರಬಂಧದ ತಾಯಿಗೆ ಒಂದು ಸಲವೂ ಸಿಟ್ಟು ಬಂದಿರಲಿಲ್ಲ.

ಬರೆಯಲು ಐದು ದಿನ ಹಿಡಿಯಿತು. ಮುಗಿದ ಮೇಲೆ ಅವ್ವನ ಕೈಗೇ ಕೊಟ್ಟೆ. ಭಾನುವಾರ ಮಧ್ಯಾಹ್ನ ಜಗಲಿಯಲ್ಲಿ ಗೋಡೆಗೆ ಒರಗಿ, ಸಾಲಿನ ಕೆಳಗೆ ಬೆರಳಿಟ್ಟುಕೊಂಡು, ತುಟಿ ಅಲ್ಲಾಡಿಸುತ್ತಾ ಓದಿದಳು. ನಿಧಾನ. ಮಧ್ಯೆ ಒಮ್ಮೆ ನಕ್ಕಳು. ಮುಗಿಸಿ ಪೆನ್ನು ಕೇಳಿದಳು.

“ಎಲ್ಲಾ ಮಕ್ಳನ್ನೂ ಸ್ವಂತ ಮಕ್ಳಂಗೆ ನೋಡ್ತಾಳೆ ಅಂತ ಬರ್ದಿದೀಯ. ಸುಳ್ಳು. ಆ ಏಳ್ನೇ ಕ್ಲಾಸಿನವ್ರು ತಟ್ಟೇಲಿ ಅನ್ನ ಬಿಟ್ಟು ಎದ್ದು ಹೋಗ್ತಾರಲ್ಲ, ಅವ್ರನ್ನ ಕಂಡ್ರೆ ನಂಗಾಗಲ್ಲ.” ಆ ಸಾಲನ್ನು ನೇರವಾಗಿ ಹೊಡೆದು ಹಾಕಿದಳು. “ಇಲ್ಲೊಂದು ಕಡೆ ಕಣ್ಣಲ್ಲಿ ನೀರು ಅಂತೀಯ. ಈರುಳ್ಳಿ ಹೆಚ್ಚೋವಾಗ ಬಿಟ್ರೆ ನಾನೆಲ್ಲಿ ಅತ್ತಿದೀನಿ? ಈರುಳ್ಳಿ ಅಂತ ಸೇರಿಸು.”

“ಉಳಿದಿದ್ದು?”

“ಉಳಿದಿದ್ದು ನಾನೇ,” ಅಂದಳು.

ಸಂಚಿಕೆಯಲ್ಲಿ ಅದು ನಡುವಿನ ಪುಟವೊಂದರಲ್ಲಿ ಬಂತು. ನನ್ನ ಗೆಳತಿ ಓದಿ, “ಹಳೇದೇ ಚೆನ್ನಾಗಿತ್ತು ಕಣೆ, ಅದರಲ್ಲಿ ಅಳು ಬರ್ತಿತ್ತು,” ಅಂದಳು. ನನಗೆ ಬೇಜಾರಾಯಿತು; ಆಗಲಿಲ್ಲ ಅಂದರೆ ಮತ್ತೆ ಸುಳ್ಳಾಗುತ್ತದೆ. ಹೊಗಳಿಕೆಯ ಆಸೆ ಒಂದು ಪಾಠಕ್ಕೆ ಬಿಟ್ಟುಹೋಗುವಂಥದ್ದಲ್ಲ. ಅವ್ವ ಸಂಚಿಕೆಯನ್ನು ಶಾಲೆಗೆ ಒಯ್ದಳು. ಮಕ್ಕಳು ಮುತ್ತಿಕೊಂಡು, “ನಮ್ ಹೆಸ್ರು ಐತಾ, ನಮ್ ಹೆಸ್ರು ಐತಾ,” ಅಂತ ಹಾಳೆ ಹರಿಯುವಷ್ಟು ಎಳೆದಾಡಿದರಂತೆ.

ಈಗ ನಾನು ಹಿರಿಯೂರಿನ ಒಂದು ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿ. ಕನ್ನಡ ಪಾಠ ಮಾಡುತ್ತೇನೆ, ಇಬ್ಬರು ಗೆಳತಿಯರ ಜೊತೆ ರೂಮು ಮಾಡಿಕೊಂಡಿದ್ದೇನೆ. ಕಾಯಂ ಕೆಲಸದ ಪರೀಕ್ಷೆಗೆ ಓದುತ್ತಿದ್ದೇನೆ. ಒಂದು ಪುಸ್ತಕ ಬರೆಯಬೇಕು ಅನ್ನುವ ಆಸೆಯೂ ಹೋಗಿಲ್ಲ. ಊರಿನವರ ಬಗ್ಗೆ ಏನೇ ಬರೆದರೂ ಸಂಜೆ ಅವ್ವನಿಗೆ ಫೋನಿನಲ್ಲಿ ಓದಿ ಹೇಳುತ್ತೇನೆ. ಅವಳು ಮರುದಿನದ ಅಕ್ಕಿ ಆರಿಸುತ್ತಾ ಕೇಳುತ್ತಾಳೆ. ಕೆಲವು ಸಲ, “ಅವ್ರು ಹಂಗೆ ಮಾತಾಡಲ್ಲ ಕಣೆ,” ಅನ್ನುತ್ತಾಳೆ. ಕೆಲವು ಸಲ, ಅರ್ಧಕ್ಕೇ ನಿದ್ದೆ ಬರುತ್ತೆ ಅಂತ ಇಟ್ಟುಬಿಡುತ್ತಾಳೆ. ಅವತ್ತು ಬರೆದದ್ದು ಚೆನ್ನಾಗಿಲ್ಲ ಅಂತ ನಾನು ತಿಳಿದುಕೊಳ್ಳುತ್ತೇನೆ.

ಹೋದ ತಿಂಗಳು ಒಂದು ಸಂಜೆ ನಾನು ಓದುವ ಮೊದಲೇ ಅವಳು, “ಇವತ್ತು ನಾನು ಹೇಳ್ತೀನಿ, ನೀನು ಕೇಳು,” ಅಂದಳು. ಶಾಲೆ ಬಿಟ್ಟ ವರ್ಷ ತಾನು ಏನಾಗಬೇಕು ಅಂದುಕೊಂಡಿದ್ದೆ ಅಂತ ಶುರು ಮಾಡಿದಳು. ನಾನು ತಟ್ಟನೆ ಪಕ್ಕದಲ್ಲಿದ್ದ ನೋಟ್‌ಬುಕ್ ಎಳೆದುಕೊಂಡೆ. ಹಾಳೆ ತಿರುವಿದ ಸದ್ದು ಅವಳಿಗೆ ಕೇಳಿಸಿರಬೇಕು.

“ಬರೀಬ್ಯಾಡ.”

“ಯಾವತ್ತೂ ಬ್ಯಾಡ್ವಾ?”

“ಯಾವತ್ತೋ ನಂಗೊತ್ತಿಲ್ಲ. ಈಗ ಕೇಳಿಸ್ಕ, ಸಾಕು.”

ಪೆನ್ನಿನ ಮುಚ್ಚಳ ಹಾಕಿ, ಫೋನನ್ನು ಕಿವಿಗೆ ಒತ್ತಿಕೊಂಡು ಮೆಟ್ಟಿಲ ಮೇಲೆ ಹೋಗಿ ಕೂತೆ. ಅವ್ವ ಹೇಳುತ್ತಾ ಹೋದಳು.