ದೋಣಿಯಲ್ಲೂ ನಡೆದ ನೀಲವ್ವ

ದೋಣಿಯಲ್ಲಿ ಎಲ್ಲರೂ ಕೂತರು. ನೀಲವ್ವ ಮಾತ್ರ ನಿಂತಲ್ಲೇ ಹೆಜ್ಜೆ ಹಾಕುತ್ತಿದ್ದಳು. ದೋಣಿ ಓಲಾಡಿತು, ಅಂಬಿಗ ಗದರಿದ. ನನಗಂತೂ ತಲೆ ಕೆಟ್ಟುಹೋಯಿತು.

ರಜೆ ಸಿಕ್ಕಾಗಲೆಲ್ಲ ಬಂದು, ಹಿಂದಿನ ಸಲ ನಿಲ್ಲಿಸಿದಲ್ಲಿಂದ ಮುಂದುವರಿಸಿ, ಮುರ್ಡೇಶ್ವರದಿಂದ ಗೋಕರ್ಣಕ್ಕೆ ಕಡಲ ಬದಿಯಲ್ಲೇ ನಡೆಯುವುದು ಅವಳ ಹರಕೆ. ಗದಗ ಕಡೆಯ ಅವಳೂ ನಾನೂ ಬೆಂಗಳೂರಿನ ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಅಕ್ಕಪಕ್ಕದ ಮಷಿನ್ನಿನವರು. ಆ ತಪ್ಪಿಗೆ ನಾನು ಜೊತೆಗಾತಿ. ಅಂದು ಬೆಳಿಗ್ಗೆ ಬಸ್ಸು ಒಂದು ಸ್ಟಾಪ್ ಮುಂದೆ ಒಯ್ದು ಇಳಿಸಿತೆಂದು ಬಿಸಿಲಲ್ಲಿ ಹಿಂದಕ್ಕೂ ನಡೆಸಿದ್ದಳು. ಈಗ ಅಘನಾಶಿನಿ ಹೊಳೆಯ ನಡುವೆ ಈ ಅವತಾರ!

“ಕೂತ್ಕೊಳೇ! ನಿನ್ ಹರಕೆಗೆ ನಮ್ಮನ್ನೆಲ್ಲ ಮುಳುಗಿಸ್ತೀಯಾ?” ಎಂದು ಸೆರಗು ಹಿಡಿದು ಜಗ್ಗಿದೆ.

“ಕಟ್ಟಡದ ಮ್ಯಾಲಿಂದ ಬಿದ್ದ ನನ್ನ ಗಂಡ ಎದ್ದು ನಿಂತಾನ. ನಾ ಹ್ಯಾಂಗ ಕುಂದ್ರಲಿ?” ಅಂದಳು, ಹೆಜ್ಜೆ ನಿಲ್ಲಿಸದೆ.

ಜಗ್ಗುತ್ತಿದ್ದ ಸೆರಗನ್ನೇ, ಅವಳು ನೀರಿಗೆ ಬೀಳದಂತೆ ಬಿಗಿಯಾಗಿ ಹಿಡಿದುಕೊಂಡೆ. ನನ್ನ ಬೈಗುಳ ಮಾತ್ರ ದಡ ಮುಟ್ಟುವವರೆಗೂ ನಿಲ್ಲಲಿಲ್ಲ.

ಈಗ ನಮ್ಮ ವಠಾರದಲ್ಲಿ ಅವಳ ಗಂಡ ಕುಂಟುತ್ತ ನಲ್ಲಿಯ ತನಕ ಹೋಗಿ ಕೊಡ ತುಂಬಿಸಿಕೊಂಡು ಬರುವಷ್ಟು ಹೊತ್ತೂ ನೀಲವ್ವ ಬಾಗಿಲಲ್ಲಿ ನಿಂತೇ ಇರುತ್ತಾಳೆ. ನೋಡಿದಾಗಲೆಲ್ಲ ಬೈಯಬೇಕೆನಿಸುತ್ತದೆ, ಬೈಯದೆ ನಾನೂ ಹೋಗಿ ಪಕ್ಕದಲ್ಲಿ ನಿಲ್ಲುತ್ತೇನೆ.