ಪಕ್ಕದ ಸೀಟಿನ ಪಿಸುಮಾತು

ಮಕ್ಕಳೇ, ಇದನ್ನು ರಾಜಾನುಕುಂಟೆಯ ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ. ಆರ್.ಟಿ. ನಗರದ ಸಭಾಂಗಣದಲ್ಲಿ ಫ್ರಾನ್ಸಿನ ದೊಡ್ಡ ಸಿನಿಮಾ ನಿರ್ದೇಶಕರೊಬ್ಬರ ಜೀವನಚಿತ್ರ ತೋರಿಸಿದರು. ನಿಮ್ಮ ತಾತ ಹೋದ ಮೇಲೆ ನಾನು ನೋಡಿದ ಮೊದಲ ಸಿನಿಮಾ ಅದು. ನನ್ನ ಪಕ್ಕದಲ್ಲಿ ಕಣ್ಣು ಕಾಣದ ಮುದುಕರೊಬ್ಬರಿದ್ದರು. ಅವರ ಹೆಂಡತಿ ಎಲ್ಲವನ್ನೂ ಪಿಸುದನಿಯಲ್ಲಿ ಹೇಳುತ್ತಿದ್ದರು.

"ಬೀದೀಲೇ ಶೂಟಿಂಗ್ ಮಾಡ್ತಿದ್ದಾರೆ. ಸಿಗರೇಟು ಆರೋದೇ ಇಲ್ಲ, ಥೇಟ್ ನಿಮ್ಮ ಹಾಗೇ ಕಣ್ರೀ."

ಆ ನಿರ್ದೇಶಕರ ಸಿನಿಮಾಗಳನ್ನೆಲ್ಲ ಕತ್ತರಿಸಿ ಜೋಡಿಸಿದ್ದು ಅವರ ಹೆಂಡತಿಯೇ. ಕೊನೆಯಲ್ಲಿ ತೆರೆಯ ಮೇಲೆ ಆಕೆಯ ಶವಪೆಟ್ಟಿಗೆ ಬಂತು. ಪಿಸುಮಾತು ನಿಂತಿತು.

"ಯಾಕೆ ಸುಮ್ಮನಾದೆ? ಈಗ ಏನ್ ಮಾಡ್ತಿದ್ದಾರೆ?"

"ಇನ್ನೊಂದು ಸಿನಿಮಾ ಜೋಡಿಸ್ತಿದ್ದಾರೆ."

"ಹೆಂಡ್ತಿ ಎಲ್ಲೇ?"

"ಪಕ್ಕದಲ್ಲೇ ಕೂತಿದ್ದಾಳೆ ಕಣ್ರೀ."

ತೆರೆಯ ಮೇಲೆ ನಿರ್ದೇಶಕರು ಒಬ್ಬರೇ ಇದ್ದರು. ಪಕ್ಕದ ಕುರ್ಚಿಯ ಮೇಲೆ ಆಕೆಯ ಸ್ವೆಟರ್ ಇತ್ತು.