ಅಕ್ಕನ ತುದಿಯ ಕಾಗದದ ಹೂ

ನಮ್ಮ ಮನೆಯ ಪಕ್ಕದಲ್ಲಿ ಉದ್ದಕ್ಕೆ ಒಂದು ಖಾಲಿ ಜಾಗವಿದೆ. ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒತ್ತಿಕೊಳ್ಳಬೇಕು, ಅಷ್ಟೇ ಅಗಲ. ಉದ್ದ ಮಾತ್ರ ಬೀದಿಯಿಂದ ಹಿತ್ತಲ ಬಾವಿಯವರೆಗೆ. ತಮಿಳು ಸೀಮೆಯ ಸೂಲೂರಿನ ಕಡೆ, ನಮ್ಮಂಥ ಕನ್ನಡದ ನೇಕಾರರ ಮನೆಗಳಿಗೆ ಇಂಥ ಜಾಗ ಬೇಕೇ ಬೇಕಿತ್ತು. ಮಗ್ಗಕ್ಕೆ ಏರಿಸುವ ಮೊದಲು ನೂಲಿನ ಹಾಸನ್ನು ಬಿಗಿಯಾಗಿ ಎಳೆದು ಕಟ್ಟಿ, ಗಂಜಿ ಹಚ್ಚಿ, ಒಣಗಿಸಬೇಕು. ನಮ್ಮ ಮನೆಮಾತಿನಲ್ಲಿ ಅದು ಪಾವು. ಪಾವನ್ನು ಒಬ್ಬರೇ ಎಳೆಯಲು ಆಗುವುದಿಲ್ಲ, ಆ ತುದಿಯಲ್ಲೂ ಒಬ್ಬರು ಇರಬೇಕು. ಬೀದಿಯ ಕಡೆಯ ತುದಿ ನನ್ನದು, ಬಾವಿಯ ಕಡೆಯದು ಅಕ್ಕನದು.

ನಾವು ಅಕ್ಕತಂಗಿ ಇಬ್ಬರೂ ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ ಅಕ್ಕ “ಮಗ್ಗ ಬಿಡ್ಲಿಲ್ಲ” ಎಂದು ಹೇಳಿ ಬಾಯಿ ಮುಚ್ಚಿಸುತ್ತಿದ್ದಳು. ಪಾವಿಗೆ ಕಟ್ಟಿದ ಹಗ್ಗವನ್ನು ನಾನು ಎಷ್ಟು ಎಳೆದರೂ ಅವಳಿಗೆ ಸಾಲದು. “ಸಡ್ಲ ಐತೆ, ಎಳಿ. ಇನ್ನ ಕೊಂಜ ಎಳಿ. ಸೋರು ತಿಂದ ಕೈಯಾ ಅದು?” ಅನ್ನ ತಿಂದವರ ಕೈಯಲ್ಲವಂತೆ ನನ್ನದು. ನನಗೆ ರೋಷ ಬಂದು ಇನ್ನೂ ಎಳೆಯುತ್ತಿದ್ದೆ. ಅವಳಿಗೆ ಬೇಕಾದದ್ದೂ ಅದೇ.

ಮಗ್ಗ ಹೋಗಿ ಎಷ್ಟೋ ಕಾಲವಾಯಿತು. ಆಮೇಲೂ ಅಕ್ಕ ಆ ಜಾಗವನ್ನು ದಿನಾ ಗುಡಿಸಿ ಸಗಣಿ ನೀರು ಚಿಮುಕಿಸುತ್ತಿದ್ದಳು. ಒಂದು ತುಂಬೆ ಗಿಡ ತಲೆ ಎತ್ತಿದರೂ ಕಿತ್ತೆಸೆಯುವಳು, ಎಳೆ ಸಿಕ್ಕಿಕೊಳ್ಳುತ್ತದಂತೆ. ಎಳೆಯೇ ಇಲ್ಲವಲ್ಲ ಎಂದರೆ, “ಇಲ್ಲಾಂದ್ರೆ ಏನು? ಪಾವು ಜಾಗ ಪಾವು ಜಾಗಾನೇ” ಎನ್ನುವಳು. ಅವಳೊಡನೆ ವಾದ ಮಾಡಿ ಗೆದ್ದವರಿಲ್ಲ.

ಹೋದ ವರ್ಷ ದೀಪಾವಳಿಗೆ ಮುಂಚೆ ಅವಳು ತೀರಿಕೊಂಡಳು. ನಾನು ಆಡುವುದು ಹಾಲಿನವನಿಗೆ ತಮಿಳು, ರೇಷನ್ ಅಂಗಡಿಗೆ ತಮಿಳು, ಪಕ್ಕದ ಮನೆಯವರಿಗೂ ತಮಿಳು. ಕನ್ನಡ ಇದ್ದದ್ದು ಅಕ್ಕನಿಗೆ ಮಾತ್ರ, ಅದೂ ಹೆಚ್ಚಾಗಿ ಜಗಳಕ್ಕೆ. ಮನೆಯಲ್ಲಿ ಈಗ ಆ ಮಾತು ನಿಂತುಹೋಗಿತ್ತು. ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಆ ಜಾಗ ಬಾವಿಯವರೆಗೂ ಬೋಳಾಗಿ ಕಾಣುತ್ತಿತ್ತು. ಆ ತುದಿಯಲ್ಲಿ ಯಾರೂ ಇಲ್ಲ. ಅದನ್ನು ನೋಡುತ್ತಾ ಊಟ ಮಾಡುವುದು ನನ್ನಿಂದ ಆಗಲಿಲ್ಲ. ಅಲ್ಲಿ ಏನಾದರೂ ನಿಂತಿರಬೇಕು, ಬಣ್ಣದ್ದು, ಒಣಗಿ ಹೋಗದಂಥದ್ದು ಎಂದು ತೀರ್ಮಾನಿಸಿದೆ.

ಬಸ್ಸು ಬದಲಿಸಿಕೊಂಡು ಕಿಣತ್ತುಕಡವಿನ ಹತ್ತಿರ, ಪೊಳ್ಳಾಚಿ ರಸ್ತೆಯ ಪಕ್ಕದ ಒಂದು ನರ್ಸರಿಗೆ ಹೋದೆ. ಅಲ್ಲಿಯವನು ಮೊದಲು ಗುಲಾಬಿಯ ಕಡೆಗೆ ಕರೆದೊಯ್ದ. ಗುಲಾಬಿ ಬೇಡ, ಅದಕ್ಕೆ ದಿನಕ್ಕೊಂದು ಕಾಯಿಲೆ.

“ಸಾಯದ ಗಿಡ ಕೊಡಪ್ಪಾ” ಎಂದೆ ತಮಿಳಿನಲ್ಲಿ.

“ಸಾಯದ್ದು ಬೇಕಂದರೆ ಪ್ಲಾಸ್ಟಿಕ್ ಇದೆಯಮ್ಮಾ” ಎಂದು ಅವನು ನಕ್ಕ. ನಾನು ನಗದ್ದನ್ನು ನೋಡಿ ಹಿಂದಿನ ಸಾಲಿಗೆ ಕರೆದುಕೊಂಡು ಹೋದ. ಅಲ್ಲಿ ಕಣಗಿಲೆ, ದಾಸವಾಳ, ಕ್ರೋಟನ್, ಈ ಕಡೆ ಇಡ್ಲಿ ಹೂ ಎನ್ನುವ ಕೇಪಳ, ಕಾಗದದ ಹೂ ಎಲ್ಲ ಸುಡುಬಿಸಿಲಿನಲ್ಲಿ ಆರಾಮವಾಗಿ ನಿಂತಿದ್ದವು. ಒಮ್ಮೆ ಬೇರು ಹಿಡಿದರೆ ವರ್ಷಗಟ್ಟಲೆ ಇರುತ್ತವೆ ಎಂದ.

ಆರಿಸುವಾಗ ನನ್ನ ಬುದ್ಧಿ ಸೀರೆಗೇ ಹೋಯಿತು. ಒಡಲಿಗೆ ಕೆಂಪು ಕೇಪಳ. ಅಂಚಿಗೆ ಹಳದಿ ಚುಕ್ಕೆಯ ಕ್ರೋಟನ್, ಎಲೆಯೇ ಬಣ್ಣ, ಹೂವಿನ ಹಂಗಿಲ್ಲ. ಕಣಗಿಲೆಯ ತಿಳಿ ಗುಲಾಬಿ ಈ ಕೆಂಪಿನ ಪಕ್ಕ ಸಪ್ಪೆ ಎಂದು ಬಿಟ್ಟೆ. ದಾಸವಾಳದ ಹೂ ಒಂದೇ ದಿನಕ್ಕೆ ಮುದುಡುತ್ತದೆ, ಅದೂ ಬೇಡ. ಸೆರಗು ಬರುವುದು ಬಾವಿಯ ಕಡೆಗೆ, ಅಕ್ಕನ ತುದಿಗೆ. ಅಲ್ಲಿಗೆ ದೊಡ್ಡ ಚೀಲದಲ್ಲಿ ಬೆಳೆದಿದ್ದ, ಕಾಂಡ ಗಟ್ಟಿಯಾಗಿದ್ದ ಒಂದು ಕಾಗದದ ಹೂ ತೆಗೆದುಕೊಂಡೆ. ಬಣ್ಣ ಕಡು ನೇರಳೆ. ಮುಟ್ಟಿದರೆ ಚುಚ್ಚುತ್ತದೆ, ನೀರು ಹೆಚ್ಚು ಹಾಕಿ ಮುದ್ದು ಮಾಡಿದರೆ ಹೂ ಬಿಡುವುದಿಲ್ಲ ಎಂದ ಅವನು. ಈ ಗುಣ ಕೇಳಿದ ಮೇಲೆ ಬೇರೆ ನೋಡಲೇ ಇಲ್ಲ.

ಎಲ್ಲವನ್ನೂ ನಾನೇ ನೆಟ್ಟೆ. ಕೇಪಳ ಗಿಡಗಳನ್ನು ಒಂದಕ್ಕೊಂದು ತಾಗುವ ಹಾಗೆ ಕೂರಿಸಿದೆ. ಎಳೆ ಎಳೆಯ ನಡುವೆ ಸಂದು ಕಂಡರೆ ಬಟ್ಟೆ ಕೆಟ್ಟಿತು ಎಂದೇ ಅರ್ಥ. ಕೈಗೆ ಅದು ಅಷ್ಟು ವರ್ಷದ ರೂಢಿ. ಗಿಡವೂ ಉಸಿರಾಡುತ್ತದೆ, ಅಗಲವಾಗುತ್ತದೆ ಎಂದು ನೇಯ್ಗೆಯವಳಾದ ನನಗೆ ಹೊಳೆಯಲಿಲ್ಲ. ಬೀದಿಯಲ್ಲಿ ಹೋಗುವವರು ನಿಂತು ಚೆನ್ನಾಗಿದೆ ಎಂದರು. ನಾನೂ ಉಬ್ಬಿದೆ.

ಮಳೆಗಾಲ ಕಳೆಯುವಷ್ಟರಲ್ಲಿ ನನ್ನ ಸೀರೆಯ ಒಡಲು ಸೊರಗಿತ್ತು. ಗಿಡಗಳು ಬೆಳಕಿಗಾಗಿ ಒಂದನ್ನೊಂದು ನೂಕಿಕೊಂಡು ಕಡ್ಡಿಯಂತೆ ಉದ್ದವಾಗಿದ್ದವು. ಒಳಗಿನ ಎಲೆಗಳು ಉದುರಿ, ಹೂ ಎಲ್ಲೋ ತುದಿಯಲ್ಲಿ ಒಂದೊಂದು ಗೊಂಚಲು. ಕಾಗದದ ಹೂ ಮಾತ್ರ ಯಾರ ಹಂಗೂ ಇಲ್ಲದೆ ಬಾವಿಯ ಪಕ್ಕ ಒಬ್ಬಂಟಿಯಾಗಿ ನಿಂತು ಮೈತುಂಬಾ ನೇರಳೆಯಾಗಿತ್ತು. ನನಗೆ ಹೊಟ್ಟೆ ಉರಿಯಿತು. ಹಾಗೆ ಒಬ್ಬಂಟಿಯಾಗಿ ಚೆನ್ನಾಗಿರುವುದು ಗಿಡಕ್ಕೆ ಬರುತ್ತದೆ, ನನಗೆ ಬರಲಿಲ್ಲ.

ನಡುವಿನ ಗಿಡಗಳನ್ನು ಕಿತ್ತು, ಉಳಿದವನ್ನು ದೂರ ದೂರ ಮಾಡಿ ಮತ್ತೆ ನೆಡದೆ ವಿಧಿಯಿರಲಿಲ್ಲ. ಒಂದು ಬೆಳಿಗ್ಗೆ, ಬಿಸಿಲು ಏರುವ ಮೊದಲು, ಅದಕ್ಕೆ ಕೂತೆ. ಸಾಲು ಸೊಟ್ಟಗಾಗಬಾರದಲ್ಲ, ಅಟ್ಟದಿಂದ ಪಾವಿನ ಹಳೆಯ ಹಗ್ಗ ಇಳಿಸಿದೆ. ಗಂಜಿಯ ವಾಸನೆ ಅದರಲ್ಲಿ ಇನ್ನೂ ಇತ್ತು, ಅಥವಾ ನನಗೆ ಹಾಗನ್ನಿಸಿತು. ಹಗ್ಗದ ತಲೆಯನ್ನು ನೆಲದ ಮೇಲೆ ಬಾವಿಯ ಕಡೆಗೆ ಎಸೆದು, ನನ್ನ ತುದಿಯಲ್ಲಿ ನಿಂತು ಯೋಚಿಸದೆ ಹೇಳಿದೆ:

“ಅಕ್ಕಾ, ಹಿಡ್ಕೋ.”

ಎಷ್ಟೋ ತಿಂಗಳ ಮೇಲೆ ನನ್ನ ಬಾಯಿಂದ ಕನ್ನಡ ಬಂದಿತ್ತು. ಸೂಲೂರಿನ ವಾಯುಪಡೆ ನೆಲೆಯ ವಿಮಾನವೊಂದು ಮೇಲೆ ಹಾದುಹೋಯಿತು. ಅದರ ಸದ್ದು ಅಡಗುವವರೆಗೆ ನಾನು ಹಗ್ಗ ಹಿಡಿದು ಹಾಗೇ ನಿಂತಿದ್ದೆ. ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿ, ಕರೆದಿರಾ ಎಂದು ತಮಿಳಿನಲ್ಲಿ ಕೇಳಿದಳು. ಇಲ್ಲಮ್ಮ ಎಂದೆ.

ಆಮೇಲೆ ಬಾವಿಯ ಕಡೆಗೆ ನಡೆದು, ಹಗ್ಗವನ್ನು ಕಾಗದದ ಹೂವಿನ ಕಾಂಡಕ್ಕೆ, ಬುಡದ ಹತ್ತಿರ ಸುತ್ತಿ ಕಟ್ಟಿದೆ. ಮುಳ್ಳು ಮುಂಗೈಯನ್ನು ಗೀರಿತು. ವಾಪಸು ಬಂದು ನನ್ನ ತುದಿಯಿಂದ ಎಳೆದೆ. ಗಿಡ ಸ್ವಲ್ಪ ಬಾಗಿ ಗಟ್ಟಿಯಾಗಿ ಹಿಡಿದುಕೊಂಡಿತು, ನಾಲ್ಕಾರು ಹೂ ಉದುರಿದವು. ಹಗ್ಗ ನೆಟ್ಟಗೆ ನಿಂತಿತು.

ಸಾಲಿಗೆ ಅಷ್ಟು ಬಿಗಿ ಸಾಕಿತ್ತು. ಆದರೂ ನಾನು ಎಳೆಯುವುದನ್ನು ಬಿಡದೆ ಕಾದೆ. ಸಡ್ಲ ಐತೆ ಎಂದು ಆ ತುದಿಯಿಂದ ಯಾರೂ ಬೈಯಲಿಲ್ಲ.